ಕೆರೆಯಲ್ಲಿ ಗೆಳೆಯರ ಪಂದ್ಯಕ್ಕೆ ಇಬ್ಬರು ಕೂರುವ ಅಗ್ಗದ ತೆಪ್ಪ ಮಾಡುವುದು ಹೇಗೆ?

200 ಲೀಟರಿನ ನಾಲ್ಕು ಪ್ಲಾಸ್ಟಿಕ್ ಡ್ರಮ್, 8 ಅಡಿಯ ನಾಲ್ಕು ಬಿದಿರು, ಎರಡು ಸಾಲುಗಳನ್ನು ಜೋಡಿಸಲು 6 ಅಡಿಯ ಐದು ಅಡ್ಡಬಿದಿರು ಸಾಕು. ರಾಸಾಯನಿಕ ತುಂಬಿದ್ದ ಡ್ರಮ್ ಖಂಡಿತ ಬೇಡ, ವಿಷ ಕೆರೆಗೇ ಸೇರುತ್ತದೆ.

ಡ್ರಮ್‌ಗಳನ್ನು ಉದ್ದಕ್ಕೆ ಮಲಗಿಸಿ, ಒಂದರ ಹಿಂದೊಂದರಂತೆ ಎರಡು ಸಾಲು ಮಾಡಿ. ಅಡ್ಡ ಇಟ್ಟರೆ ನೀರನ್ನು ತಳ್ಳುತ್ತಾ ನಿಧಾನವಾಗುತ್ತದೆ. ಸಾಲುಗಳ ನಡುವೆ ಎರಡಡಿ ಬಿಡಿ, ಸುಲಭವಾಗಿ ಮಗುಚುವುದಿಲ್ಲ. ಪ್ರತಿ ಸಾಲಿನ ಮೇಲೆ ಎರಡು ಬಿದಿರಿಟ್ಟು, ಡ್ರಮ್ ಅವುಗಳ ಸಂದಿಯಲ್ಲಿ ಕೂರುವಂತೆ ಎರಡೆರಡು ಕಡೆ ಕಟ್ಟಿ. ಒಂದೇ ಬಿದಿರಾದರೆ ಡ್ರಮ್ ಉರುಳಿ ಹಗ್ಗ ಸಡಿಲವಾಗುತ್ತದೆ. ನೈಲಾನ್ ಹಗ್ಗ ನೆನೆದರೆ ಹಿಗ್ಗುತ್ತದೆ, ನೆನೆಸಿಯೇ ಬಿಗಿಯಿರಿ.

ಹೆಚ್ಚಿನವರು ಸೋಲುವುದು ಮುಚ್ಚಳದಲ್ಲಿ. ಬಿಸಿಲಿಗೆ ಕಾದ ಡ್ರಮ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಸಡಿಲ ಮುಚ್ಚಳದಿಂದ ನೀರೆಳೆದುಕೊಳ್ಳುತ್ತದೆ. ವಾಷರ್ ನೋಡಿ, ಟೆಫ್ಲಾನ್ ಟೇಪ್ ಸುತ್ತಿ, ನೆರಳಲ್ಲಿ ಮುಚ್ಚಿ. ಲೈಫ್ ಜಾಕೆಟ್ ಇಲ್ಲದೆ ನೀರಿಗಿಳಿಯಬೇಡಿ.