ಪ್ರಕರಣ: ಬಯೋಡೇಟಾದಿಂದ ಅಳಿಸಿಹಾಕಿದ ಮಂಡಿಯ ಆರು ವರ್ಷ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವೃತ್ತಿ ಸಲಹೆ ಕೇಳಿ ನಮ್ಮಲ್ಲಿಗೆ ಬಂದವರ ವಯಸ್ಸು 28, ಊರು ದಾವಣಗೆರೆ. ಬಿ.ಕಾಂ. ಮುಗಿಸಿ ಎಪಿಎಂಸಿ (ಕೃಷಿ ಮಾರುಕಟ್ಟೆ) ಯಾರ್ಡಿನ ಅಡತಿ ಅಂಗಡಿಯಲ್ಲಿ, ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಮಂಡಿಯಲ್ಲಿ, ಆರು ವರ್ಷ ಗುಮಾಸ್ತರಾಗಿದ್ದವರು, ಈಗ ಮೂರು ವರ್ಷದ ಎಲ್‌ಎಲ್‌.ಬಿ.ಯಲ್ಲಿ ಎರಡನೇ ವರ್ಷ. ಬೆಂಗಳೂರಿನ ವಕೀಲರ ಕಚೇರಿಗಳಿಗೆ ಇಂಟರ್ನ್‌ಶಿಪ್ ಕೇಳಿ ಕಳಿಸಿದ ಬಯೋಡೇಟಾದಲ್ಲಿ ಆ ಆರು ವರ್ಷವೇ ಇಲ್ಲ. ಕೇಳಿದಾಗ ಹೇಳಿದ್ದು: "ಮಂಡೀಲಿ ಲೆಕ್ಕ ಬರೀತಿದ್ದೆ ಅಂತ ಹೆಂಗ್ ಹಾಕ್ಲಿ ಮೇಡಂ? ಅದಕ್ಕೂ ಕಾನೂನಿಗೂ ಏನ್ ಸಂಬಂಧ?"

ಆಸೆ ಎರಡು. ಮೊದಲು ಕಂಪನಿಯಲ್ಲಿ ಕಾನೂನು ಅಧಿಕಾರಿಯಾಗಿ ನಾಲ್ಕು ಕಾಸು ಮಾಡಿಕೊಳ್ಳುವುದು, ಆಮೇಲೆ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯುವುದು.

ಮೊದಲ ಭೇಟಿ ಪೂರ್ತಿ ಮಂಡಿಯ ಮಾತಿಗೇ ಹೋಯಿತು. ದಿನವೂ ಕೈಯಲ್ಲಿ ಹಾದುಹೋಗುತ್ತಿದ್ದ ಕಾಗದಗಳನ್ನು ಒಂದೊಂದಾಗಿ ಹೇಳಿಸಿದೆವು: ಮೆಕ್ಕೆಜೋಳದ ತೂಕದ ಚೀಟಿ, ರೈತರ ಲೆಕ್ಕದ ಪಟ್ಟಿ, ಕಿರ್ದಿ (ದಿನದ ಲೆಕ್ಕದ ಪುಸ್ತಕ), ಖಾತೆ (ಒಬ್ಬೊಬ್ಬರ ಲೆಕ್ಕದ ಪುಸ್ತಕ), ಖರೀದಿದಾರರ ಚೆಕ್ಕು, ಚೆಕ್ಕು ವಾಪಸಾದಾಗ ಬ್ಯಾಂಕಿನ ಮೆಮೊ. ನೋಟಿಸು ಬರೆಯುವ ವಕೀಲರಿಗೆ ದಿನಾಂಕ, ಮೊತ್ತ ತೆಗೆದುಕೊಡುತ್ತಿದ್ದವರೂ ಇವರೇ. ಇದು ನೇರವಾಗಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ, ಅಂದರೆ ಚೆಕ್ಕು ವಾಪಸಾದ ಪ್ರಕರಣಗಳ, ಕೆಲಸ. ಮೆಮೊ ಬಂದ 30 ದಿನದೊಳಗೆ ನೋಟಿಸು, ಅದು ತಲುಪಿದ ಮೇಲೆ ಹಣ ಕಟ್ಟಲು 15 ದಿನ, ಆಗಲೂ ಕಟ್ಟದಿದ್ದರೆ ಒಂದು ತಿಂಗಳೊಳಗೆ ದೂರು. ನೋಟಿಸಿನಲ್ಲಿ ಚೆಕ್ಕಿನ ಮೊತ್ತ ತಪ್ಪಿದರೆ ಪ್ರಕರಣವೇ ಬಿದ್ದುಹೋಗುತ್ತದೆ. ಬರೀ ಖಾತೆ ಪುಸ್ತಕದ ನಮೂದಿನಿಂದ ಯಾರ ಮೇಲೂ ಬಾಕಿ ಹೊರಿಸಲಾಗದು ಎನ್ನುತ್ತದೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 28ನೇ ಕಲಮು. ಜೊತೆಗೆ ತೂಕದ ಚೀಟಿ, ರಸೀದಿ ಯಾಕೆ ಬೇಕೆಂದು ಸಹಪಾಠಿಗಳು ಓದಿ ತಿಳಿಯಬೇಕು. ಇವರು ಜೋಡಿಸಿಟ್ಟು ಬಲ್ಲವರು.

ಬಯೋಡೇಟಾಕ್ಕೆ ಬರೆಸಿದ ಸಾಲು: "ಗುಮಾಸ್ತ, ಅಡತಿ ಅಂಗಡಿ, ಎಪಿಎಂಸಿ, ದಾವಣಗೆರೆ, 6 ವರ್ಷ. ಕಿರ್ದಿ ಮತ್ತು ಖಾತೆ ನಿರ್ವಹಣೆ. ವಾಪಸಾದ ಚೆಕ್ಕುಗಳ ದಾಖಲೆ ಜೋಡಣೆ. ವಕೀಲರಿಗೆ ಬಾಕಿ ಲೆಕ್ಕದ ತಯಾರಿ." ಗುಮಾಸ್ತ ಎನ್ನುವುದನ್ನು 'ಕಾನೂನು ಸಹಾಯಕ' ಎಂದು ಹಿಗ್ಗಿಸಬೇಡಿ ಎಂದೆವು, ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಗಿರಾಕಿಗಳ ಹೆಸರು, ಬಾಕಿ ಎಲ್ಲಿಯೂ ಬರಕೂಡದು.

ಮೂರು ವರ್ಷದ ಕೋರ್ಸಿಗೆ ಒಟ್ಟು 12 ವಾರದ ಇಂಟರ್ನ್‌ಶಿಪ್ ಬೇಕು, ಒಂದೇ ಸಲಕ್ಕೆ 4 ವಾರ ಮೀರುವಂತಿಲ್ಲ. ಮೊದಲ ನಾಲ್ಕು ವಾರ ದಾವಣಗೆರೆ ನ್ಯಾಯಾಲಯದಲ್ಲೇ, ಚೆಕ್ಕು ಮತ್ತು ಹಣ ವಸೂಲಿ ದಾವೆ ನಡೆಸುವ ವಕೀಲರ ಹತ್ತಿರ. ಬೆಂಗಳೂರು ಆಮೇಲೆ.

ಆಸೆಗಳ ಕ್ರಮವನ್ನು ಮಾತ್ರ ತಿರುವಿ ಹಾಕಲೇಬೇಕಾಯಿತು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ 3 ವರ್ಷದ ವಕೀಲಿಕೆ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಮತ್ತೆ ಕಡ್ಡಾಯ ಮಾಡಿತು. ಎಣಿಕೆ ವಕೀಲರಾಗಿ ಮೊದಲು ಸಿಗುವ ತಾತ್ಕಾಲಿಕ ನೋಂದಣಿಯ ದಿನದಿಂದ. ಪೂರ್ಣಾವಧಿ ಸಂಬಳದ ನೌಕರಿಗೆ ಸೇರಿದವರು ವಕೀಲಿಕೆ ನಿಲ್ಲಿಸಬೇಕೆಂದು ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ ಹೇಳುತ್ತದೆ. ಕಂಪನಿಯಲ್ಲಿ ದುಡಿದ ವರ್ಷಗಳು ಎಣಿಕೆಗೆ ಬರುವುದಿಲ್ಲ, ವಯಸ್ಸು ಮಾತ್ರ ಓಡುತ್ತದೆ. ವಕೀಲಿಕೆ ಮೊದಲಾದರೆ ಎರಡೂ ಬಾಗಿಲು ತೆರೆದಿರುತ್ತವೆ.

ಅಡ್ಡಿ ದುಡ್ಡಿನದು, ಅದು ಸಣ್ಣದಲ್ಲ. ವಕೀಲರಾಗಿ ನೋಂದಣಿಯ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ ಮೀರುವಂತಿಲ್ಲವೆಂದು 2024ರಲ್ಲೇ ತೀರ್ಪಾಗಿದೆ. ಕಷ್ಟ ಅದಾದ ಮೇಲಿನದು: ಜೂನಿಯರ್ ಆಗಿ ಮೊದಲ ವರ್ಷ ಕೈಗೆ ಬರುವುದು ಓಡಾಟಕ್ಕೂ ಸಾಲದಿರಬಹುದು. ಮನೆ ನಡೆಸುತ್ತಿರುವ ಅಣ್ಣನಿಗೆ ಇದನ್ನು ಈಗಲೇ ಬಿಡಿಸಿ ಹೇಳಿ, ಒಂದು ವರ್ಷದ ಖರ್ಚನ್ನು ಬೇರೆ ತೆಗೆದಿಡಲು ತಿಳಿಸಿದೆವು.

ಮುಂದಿನ ಭೇಟಿಗೆ ತಿದ್ದಿದ ಬಯೋಡೇಟಾ, ತಿಂಗಳ ಖರ್ಚಿನ ಲೆಕ್ಕ, ಅವರೇ ಬರೆದ 138ರ ಒಂದು ಮಾದರಿ ನೋಟಿಸು ತರಬೇಕು. ಅಣ್ಣನೂ ಜೊತೆಗೆ ಬರಲಿ ಎಂದಿದ್ದೇವೆ.