ಅಪ್ಪ ಮೋಸ ಹೋಗಲಿಲ್ಲ

ಮನಶ್ಶಾಸ್ತ್ರದಲ್ಲಿ ಬಿಎಸ್‌ಸಿ ಸೇರಿದ ಮಕ್ಕಳು ಎರಡನೆಯ ಸೆಮಿಸ್ಟರ್ ಹೊತ್ತಿಗೆ ಆಪ್ತಸಲಹೆಗಾರ್ತಿಯಾದ ನನ್ನ ಮುಂದೆ ಬಂದು ಕೂತು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ತಪ್ಪು ಕೋರ್ಸ್ ತಗೊಂಡೆ.’ ‘ಗೆಳತಿಯರೆಲ್ಲ ಕಷ್ಟ ಹೇಳಿಕೊಳ್ಳೋದು ನನ್ನ ಹತ್ತಿರವೇ, ಹಾಗಾಗಿ ಇದೇ ನನಗೆ ಸರಿ’ ಎಂದುಕೊಂಡು ಸೇರಿರುತ್ತಾರೆ. ಅಲ್ಲಿ ನೋಡಿದರೆ ಯಾರೂ ಅಳುವುದಿಲ್ಲ. ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಲೆಕ್ಕ, ನರಕೋಶದ ಚಿತ್ರ, ಪ್ರಾಕ್ಟಿಕಲ್ ಜರ್ನಲ್. ಇಂಥವರಿಗೆ ಏನು ಹೇಳಬೇಕೆಂಬುದು ಈಗ ಬಾಯಿಪಾಠವಾಗಿದೆ. ಈಗ ಹೇಳಹೊರಟಿರುವ ಹುಡುಗಿಯ ಪ್ರಕರಣದಲ್ಲಿ ಆ ಬಾಯಿಪಾಠ ಕೆಲಸಕ್ಕೆ ಬರಲಿಲ್ಲ. ಕೊಟ್ಟ ಸಲಹೆಗೆ ಆಕ್ಷೇಪವೂ ಬಂತು. ಬರೆಯುತ್ತಿರುವುದು ಅದಕ್ಕೇ. ಹುಡುಗಿಯ ಒಪ್ಪಿಗೆ ಇದೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಪಿಂಪ್ರಿ-ಚಿಂಚವಡದ ಕಡೆಯ ಮನೆ. ವಿಜಯಪುರದಿಂದ ಬಂದು ನೆಲೆಸಿದವರು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್, ಅವ್ವ ಮನೆಯಲ್ಲೇ. ಮಗಳಿಗೆ ಹತ್ತೊಂಬತ್ತು. ನಿದ್ದೆ ಇಲ್ಲ, ವೈವಾ (ಮೌಖಿಕ ಪರೀಕ್ಷೆ) ಎಂದರೆ ಹೊಟ್ಟೆ ತೊಳಸುತ್ತದೆ, ಬಿಕಾಂಗೆ ಹೋಗುತ್ತೇನೆ ಎನ್ನುವ ಹಟ. ಅಂಕಿಅಂಶದ ಪತ್ರಿಕೆ ಎಟಿಕೆಟಿ ಆಗಿತ್ತು, ಅಂದರೆ ಅದರಲ್ಲಿ ಫೇಲಾಗಿಯೂ ಮುಂದಕ್ಕೆ ಹೋಗಿದ್ದಳು, ಅದನ್ನು ಮತ್ತೆ ಬರೆಯಬೇಕಿತ್ತು.

ಮೊದಲ ಭೇಟಿಗೆ ಅಪ್ಪನೂ ಬಂದಿದ್ದರು. ‘ಮನಸ್ಸಿಗೆ ಎಂಥಾ ಲ್ಯಾಬ್ ಬಿಡ್ರೀ ಮೇಡಮ್ಮಾರ? ಊರಾಗ ಮಗಳು ಡಾಕ್ಟರ್ ಆಗ್ತಾಳ ಅಂತ ಹೇಳೀನಿ.’ ಅವರಿಗೆ ಎರಡು ಸಂಗತಿ ಹೇಳಿದೆ. ಮನಸ್ಸಿಗೂ ಲ್ಯಾಬ್ ಉಂಟು: ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಟ್ ಎಂಬ ಮನಶ್ಶಾಸ್ತ್ರಜ್ಞರು ಅಂಥದ್ದೊಂದನ್ನು ತೆರೆದದ್ದು 1879ರಲ್ಲಿ. ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ ಮುಂದೆ ಮೈಸೂರಿನಲ್ಲಿ ‘ಆಕಾಶವಾಣಿ’ ಬಾನುಲಿ ಕೇಂದ್ರವನ್ನೂ ಕಟ್ಟಿದರು. ಎರಡನೆಯದು ಅವರಿಗೆ ರುಚಿಸಲಿಲ್ಲ: ಬಿಎಸ್‌ಸಿ ಮುಗಿದ ತಕ್ಷಣ ಯಾರೂ ಬೋರ್ಡ್ ಹಾಕಿಕೊಂಡು ಕೂರುವಂತಿಲ್ಲ. ಪದವಿಗೆ ಮೂರು ವರ್ಷ, ಆನರ್ಸ್ ಆದರೆ ನಾಲ್ಕು. ಆಮೇಲೆ ಸ್ನಾತಕೋತ್ತರ. ಚಿಕಿತ್ಸಾ ಮನಶ್ಶಾಸ್ತ್ರಜ್ಞೆ ಎನಿಸಿಕೊಳ್ಳಬೇಕಾದರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು, ಒಪ್ಪಿದ ಕಡೆ ಆಸ್ಪತ್ರೆಯ ತರಬೇತಿ ಮುಗಿಸಿ ಪರಿಷತ್ತಿನಲ್ಲಿ ನೋಂದಣಿಯಾಗಬೇಕು. ಆ ಕೋರ್ಸ್‌ಗಳ ಹೆಸರು, ಸ್ವರೂಪ ಈಗ ಬದಲಾಗುತ್ತಿವೆ. ಸೇರುವ ವರ್ಷದ ಪಟ್ಟಿಯನ್ನು ಪರಿಷತ್ತಿನ ಜಾಲತಾಣದಲ್ಲೇ ನೋಡಬೇಕು, ಕೋಚಿಂಗ್ ಕ್ಲಾಸಿನವರ ಬಾಯಲ್ಲಿ ಕೇಳಬಾರದು. ಅಪ್ಪ ಬೆರಳು ಮಡಚಿ ವರ್ಷ ಎಣಿಸಿ ಸುಮ್ಮನಾದರು.

ಎರಡನೆಯ ಭೇಟಿಯಲ್ಲಿ ಊಟ, ನಿದ್ದೆ, ಸಾಯುವ ಯೋಚನೆ ಬರುತ್ತದೆಯೇ ಎಂಬುದನ್ನೆಲ್ಲ ನೇರವಾಗಿ ಕೇಳಿದೆ. ಸಾಯುವ ಯೋಚನೆ ಇರಲಿಲ್ಲ. ಅಂಕಿಅಂಶದ ಭಯವೇ ಮೂಲ ಎಂದುಕೊಂಡು ದಿನಕ್ಕೆ ಅರ್ಧ ತಾಸು ಕೈಯಲ್ಲೇ ಲೆಕ್ಕ ಬಿಡಿಸುವ ಕ್ರಮ ಹಾಕಿಕೊಟ್ಟೆ. ಆ ಅಂದಾಜು ತಪ್ಪಿತ್ತು.

ಮೂರನೆಯ ಸಲ ಬಂದವಳು ಜರ್ನಲ್ ತೆಗೆದು ಮೇಜಿನ ಮೇಲಿಟ್ಟಳು. ಮುಲ್ಲರ್-ಲಯರ್ ಭ್ರಮೆಯ ಪ್ರಯೋಗ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಎರಡು ಗೆರೆ. ಒಂದರ ತುದಿಗಳಲ್ಲಿ ಬಾಣದ ಮೊನೆ ಒಳಕ್ಕೆ ಮಡಚಿರುತ್ತದೆ, ಇನ್ನೊಂದರಲ್ಲಿ ಗರಿಯಂತೆ ಹೊರಕ್ಕೆ ಬಿಚ್ಚಿರುತ್ತದೆ. ಉದ್ದ ಒಂದೇ ಆದರೂ ಗರಿಯದ್ದು ಉದ್ದ ಕಾಣುತ್ತದೆ. ಲ್ಯಾಬಿನ ಹಲಗೆಯಲ್ಲಿ ಬಾಣದ ಗೆರೆ 100 ಮಿ.ಮೀ.ಗೆ ನಿಂತಿರುತ್ತದೆ, ಗರಿಯ ಗೆರೆ ಜಾರುವ ಪಟ್ಟಿಯ ಮೇಲಿರುತ್ತದೆ. ಎರಡೂ ಸಮ ಎನಿಸುವ ತನಕ ಪ್ರಯೋಗಕ್ಕೆ ಕೂತವರು ಪಟ್ಟಿ ಜಾರಿಸಬೇಕು. ಅಳತೆ ಹಿಂಬದಿಯಲ್ಲಿ, ನಡೆಸುವವರಿಗೆ ಮಾತ್ರ ಕಾಣುವಂತೆ. ಇಪ್ಪತ್ತು ಸಲ: ಹತ್ತು ಸಲ ಉದ್ದದಿಂದ ಒಳಕ್ಕೆ, ಹತ್ತು ಸಲ ಗಿಡ್ಡದಿಂದ ಹೊರಕ್ಕೆ, ಪಟ್ಟಿ ಅರ್ಧ ಸಲ ಎಡಗಡೆ, ಅರ್ಧ ಸಲ ಬಲಗಡೆ. ಕೈ ಎತ್ತ ಚಲಿಸಿತು, ಗೆರೆ ಯಾವ ಮಗ್ಗುಲಲ್ಲಿತ್ತು ಎಂಬುದರಿಂದ ಬರುವ ದೋಷಗಳು ಒಂದನ್ನೊಂದು ಹೊಡೆದುಹಾಕಲಿ ಎಂದು ಈ ಏರ್ಪಾಡು.

ಜರ್ನಲ್‌ನಲ್ಲಿ ಸರಾಸರಿ 82. ಹದಿನೆಂಟು ಮಿ.ಮೀ. ಭ್ರಮೆ. ಮಾನಕ ವಿಚಲನೆ ಒಂದಕ್ಕಿಂತ ಕಡಿಮೆ. ಮೇಲೆ ಶಿಕ್ಷಕರ ಸಹಿ, ಪೂರ್ಣ ಅಂಕ.

ಆ ಅಂಕಿಗಳನ್ನು ನೋಡಿದ ಕೂಡಲೇ ಅನುಮಾನ ಬಂತು. ಮನುಷ್ಯರ ಕೈ ಅಷ್ಟು ನೀಟಾಗಿರುವುದಿಲ್ಲ. ಒಳಕ್ಕೆ ಜಾರಿಸಿದಾಗಿನ ಅಂಕಿಗೂ ಹೊರಕ್ಕೆ ಜಾರಿಸಿದಾಗಿನ ಅಂಕಿಗೂ ಸಾಮಾನ್ಯವಾಗಿ ಒಂದಷ್ಟು ಅಂತರ ಬೀಳುತ್ತದೆ. ಇಲ್ಲಿ ಎರಡೂ 81, 82, 83ರ ಸುತ್ತಲೇ ತಿರುಗುತ್ತಿದ್ದವು. ಏನೂ ಅನ್ನದೆ ಪುಟ ಅವಳ ಕಡೆಗೆ ತಿರುಗಿಸಿದೆ. ಅವಳು ಬ್ಯಾಗಿನಿಂದ ಮಡಚಿದ ಇನ್ನೊಂದು ಹಾಳೆ ತೆಗೆದಳು. ಪೆನ್ಸಿಲ್‌ನಲ್ಲಿ ಬರೆದ ನಿಜವಾದ ರೀಡಿಂಗ್. ಒಳಕ್ಕೆ 98ರಿಂದ 101, ಹೊರಕ್ಕೆ 93ರಿಂದ 96. ಸರಾಸರಿ 97.

‘ಅಪ್ಪನ್ನ ಕೂರಿಸಿ ತಗೊಂಡೀನ್ರಿ. ಕ್ಲಾಸಿನಾಗ ಎಲ್ಲಾರ್ದೂ ಹದಿನೈದು, ಇಪ್ಪತ್ತು ಬಂದಿತ್ತು. ನಂದು ಮೂರು. ಅಪ್ಪ ಮೋಸ ಹೋಗ್ಲಿಲ್ಲ ಮೇಡಂ. ಅದಕ್ಕ ನಾನ ಮೋಸ ಮಾಡಿದೆ.’

ಸ್ವಲ್ಪ ಹೊತ್ತು ಬಿಟ್ಟು, ‘ಸಹಿ ಹಾಕಿದ್ರು. ಯಾರಿಗೂ ಗೊತ್ತಾಗ್ಲಿಲ್ಲ. ಹಂಗಾದ್ರ ಪುಸ್ತಕದಾಗ ಇರೋದೆಲ್ಲಾ ಹಿಂಗ ಬರದಿದ್ದೇನು?’ ಅಂದಳು.

ನಿದ್ದೆ ಕೆಟ್ಟದ್ದು ಇಲ್ಲಿ. ಸಮಾಧಾನ ಮಾಡಲು ಹೋಗಲಿಲ್ಲ, ಆ ಪೆನ್ಸಿಲ್ ಹಾಳೆಯನ್ನೇ ಮುಂದಿಟ್ಟುಕೊಂಡೆವು. ಪ್ರಯೋಗ ಹೇಗೆ ನಡೆಯಿತೆಂದು ಹಂತಹಂತವಾಗಿ ಕೇಳಿದೆ. ಹಲಗೆಯನ್ನು ಹಿಂದಿನ ಸಂಜೆಯೇ ಮನೆಗೆ ತಂದಿದ್ದಳು. ಅಪ್ಪ ಅದನ್ನು ಆಟದ ಸಾಮಾನಿನಂತೆ ಹತ್ತಾರು ಸಲ ಜಾರಿಸಿ ನೋಡಿದ್ದರು. ಪ್ರತಿ ಸಲವೂ ಹಲಗೆ ತಿರುವಿ ಅಳತೆ ನೋಡಿದ್ದರು. ಅಭ್ಯಾಸವಾದಷ್ಟೂ ಈ ಭ್ರಮೆ ಕರಗುತ್ತ ಬರುತ್ತದೆ ಎಂಬುದು ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಗೊತ್ತಿರುವ ಸಂಗತಿ. ಮೇಲಾಗಿ ಫಿಟ್ಟರ್ ಕಣ್ಣು. ಗರಿ ಬಿಟ್ಟು ಗೆರೆಯ ಎರಡು ತುದಿಗಳನ್ನೇ ಹಿಡಿದಿರಬಹುದು. ಇವಳು ನಡುನಡುವೆ ‘ಇನ್ನೊಂಚೂರು’ ಅಂದಿದ್ದಾಳೆ, ಅದು ನಡೆಸುವವರ ತಪ್ಪು. ಅಂದರೆ 97 ಎನ್ನುವುದು ಕೆಟ್ಟ ಫಲಿತಾಂಶವಲ್ಲ. ಚರ್ಚೆಯ ಭಾಗದಲ್ಲಿ ಎರಡು ಪುಟ ಬರೆಯಬಹುದಾಗಿದ್ದ ಫಲಿತಾಂಶ. 82ರ ಬಗ್ಗೆ ಬರೆಯಲು ಅವಳ ಬಳಿ ಇದ್ದದ್ದು ಒಂದೇ ಸಾಲು: ‘ಪ್ರಾಕ್ಕಲ್ಪನೆ (ಮೊದಲೇ ಮಾಡಿಕೊಂಡ ಊಹೆ) ಸಾಬೀತಾಯಿತು.’

ಅವಳ ಪ್ರಶ್ನೆಗೂ ನೇರ ಉತ್ತರ ಕೊಡಬೇಕಿತ್ತು. ಪುಸ್ತಕದಲ್ಲಿರುವುದೆಲ್ಲ ಸುಳ್ಳಲ್ಲ, ಎಲ್ಲವೂ ಗಟ್ಟಿಯೂ ಅಲ್ಲ. ನೆದರ್‌ಲೆಂಡ್ಸ್‌ನ ಡೀಡರಿಕ್ ಸ್ಟಾಪೆಲ್ ಎಂಬ ಸಾಮಾಜಿಕ ಮನಶ್ಶಾಸ್ತ್ರಜ್ಞ ದತ್ತಾಂಶವನ್ನೇ ಸೃಷ್ಟಿಸುತ್ತಿದ್ದದ್ದು 2011ರಲ್ಲಿ ಹೊರಬಿತ್ತು, ಐವತ್ತಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂಪಡೆಯಬೇಕಾಯಿತು. 2015ರಲ್ಲಿ ನೂರು ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಅಂಕಿಅಂಶದ ಅಳತೆಗೋಲಿಗೆ ನಿಂತವು ಶೇ. 36 ಮಾತ್ರ. ಇವೆರಡನ್ನೂ ಹೊರಗೆಡವಿದವರು ಇದೇ ಶಾಸ್ತ್ರದವರು, ಅವರು ಹಿಡಿದ ಸಾಧನಗಳಲ್ಲಿ ಒಂದು ಅವಳು ಹೆದರುವ ಅದೇ ಅಂಕಿಅಂಶ.

ಸಲಹೆ ಹೀಗಿತ್ತು. ಪೆನ್ಸಿಲ್ ಹಾಳೆಯನ್ನು ಹರಿಯಬೇಡ. ಶಿಕ್ಷಕರ ಬಳಿ ಒಬ್ಬಳೇ ಹೋಗು, ಕ್ಲಾಸಿನ ಮುಂದೆ ಬೇಡ. ಮೊದಲ ವಾಕ್ಯದಲ್ಲೇ ವಿಷಯ ಹೇಳು, ಅಪ್ಪನ ಕಥೆ ಆಮೇಲೆ. ಪ್ರಯೋಗ ಮತ್ತೆ ಮಾಡಲು ಅವಕಾಶ ಕೇಳು. ಈ ಸಲ ಹಲಗೆಯನ್ನು ಹಿಂದೆಂದೂ ನೋಡದವರನ್ನೇ ಕೂರಿಸು, ಶುರುವಿನ ಸೂಚನೆ ಬಿಟ್ಟು ಬಾಯಿ ಬಿಡಬೇಡ, ರೀಡಿಂಗ್ ಆದ ಕೂಡಲೇ ಪೆನ್ನಿನಲ್ಲಿ ಬರೆ, ತಪ್ಪಿದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆ, ವೈಟ್ನರ್ ಮುಟ್ಟಬೇಡ. ಕ್ಯಾಂಟೀನಿನಲ್ಲಿ ಗೆಳತಿಯರಿಗೆ ನಡೆಸುತ್ತಿದ್ದ ‘ಕೌನ್ಸೆಲಿಂಗ್’ ನಿಲ್ಲಿಸು. ಗೆಳತಿಯಾಗಿ ಕೇಳಿಸಿಕೋ, ಖಿನ್ನತೆ ಗಿನ್ನತೆ ಎಂದು ಹೆಸರಿಡಬೇಡ.

ಇದಕ್ಕೆ ಸಹೋದ್ಯೋಗಿಯೊಬ್ಬರು ಖಾರವಾಗಿಯೇ ಆಕ್ಷೇಪಿಸಿದರು. ಆತಂಕದಲ್ಲಿರುವ ಹುಡುಗಿಯನ್ನು ತಪ್ಪೊಪ್ಪಿಗೆಗೆ ಕಳಿಸುವುದೇ? ಜರ್ನಲ್ ತಿದ್ದದವರು ಯಾವ ಕಾಲೇಜಿನಲ್ಲಿದ್ದಾರೆ? ಪ್ರಶ್ನೆ ನ್ಯಾಯವಾದದ್ದೇ. ‘ಹೋಗಲೇಬೇಕು’ ಎಂದು ನಾನು ಹೇಳಲಿಲ್ಲ. ಅಂಕ ಕಳೆಯಬಹುದು, ಬೈಗುಳ ಬೀಳಬಹುದು, ಇಲ್ಲಿಂದ ಕಾಲೇಜಿಗೆ ಒಂದು ಮಾತೂ ಹೋಗುವುದಿಲ್ಲ, ಹೋಗದಿದ್ದರೂ ಮುಂದಿನ ಭೇಟಿ ಇದ್ದೇ ಇದೆ ಎಂದು ಬಿಡಿಸಿ ಹೇಳಿ, ಆಡಬೇಕಾದ ಮಾತನ್ನು ಎರಡು ಸಲ ಆಡಿಸಿ ನೋಡಿದೆ. ಆದರೆ ಅವಳ ಸಂಕಟಕ್ಕೆ ಆತಂಕದ ಕಾಯಿಲೆ ಎಂಬ ಚೀಟಿ ಅಂಟಿಸಿ ಉಸಿರಾಟದ ವ್ಯಾಯಾಮ ಕೊಟ್ಟು ಕಳಿಸಿದ್ದರೆ ಅದೂ 97ನ್ನು 82 ಮಾಡಿದ ಹಾಗೇ ಆಗುತ್ತಿತ್ತು. ಅವಳ ಮನಸ್ಸಾಕ್ಷಿ ಕೆಟ್ಟಿರಲಿಲ್ಲ, ಸರಿಯಾಗಿ ಕೆಲಸ ಮಾಡುತ್ತಿತ್ತು. ನಾಳೆ ಇದೇ ಹುಡುಗಿ ಯಾವುದೋ ಮಗುವಿಗೆ ಬುದ್ಧಿಮತ್ತೆಯ ಪರೀಕ್ಷೆ ಮಾಡುತ್ತಾಳೆ. 68 ಬಂದದ್ದನ್ನು ಅಪ್ಪ ಅಮ್ಮನ ಮುಖ ನೋಡಿ 72 ಎಂದು ಬರೆದರೆ ಆ ಮಗುವಿಗೆ ಸಿಗಬೇಕಾದ ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರವೇ ಕೈತಪ್ಪಬಹುದು. ಕರುಣೆಯಿಂದ ತಿದ್ದಿದ ಅಂಕಿಯೂ ಸುಳ್ಳೇ.

ಹತ್ತು ದಿನದ ಮೇಲೆ ಹೋದಳು. ಶಿಕ್ಷಕರು ಆ ಪ್ರಯೋಗದ ಅಂಕ ತೆಗೆದುಹಾಕಿದರು, ಮತ್ತೆ ಮಾಡಲು ಬಿಟ್ಟರು, ಕಡಿಮೆ ಅಂಕಕ್ಕೆ. ಅವ್ವನನ್ನು ಕೂರಿಸಿದಳು. ಸರಾಸರಿ 85 ಬಂತು. ‘ನಂದು ತಪ್ಪಾತೇನವ್ವಾ?’ ಎಂದು ಅವ್ವ ಕೇಳಿದರಂತೆ. ಅಪ್ಪನ ಹಾಳೆಯನ್ನೂ ಜರ್ನಲ್‌ಗೆ ಪಿನ್ ಮಾಡಿ ಎರಡರ ಅಂತರದ ಬಗ್ಗೆ ಬರೆದಿದ್ದಾಳೆ. ನಿದ್ದೆ ಪರವಾಗಿಲ್ಲ ಅನ್ನುತ್ತಾಳೆ. ಬಿಕಾಂ ಮಾತು ಈಗೀಗ ಬರುತ್ತಿಲ್ಲ, ಪೂರ್ತಿ ಬಿಟ್ಟಿದ್ದಾಳೆಂದು ಹೇಳಲಾರೆ. ಅಂಕಿಅಂಶದ ಎಟಿಕೆಟಿ ಇನ್ನೂ ಬಾಕಿ ಇದೆ.