ಸಬ್ಸಿಡಿ ಆಮೇಲೆ, ಬೋರಿನಲ್ಲಿ ನೀರು ಎಲ್ಲಿದೆ ಹೇಳಿ

ಪ್ರಶ್ನೆ: ನಾಗಮಂಗಲ ತಾಲ್ಲೂಕಿನಲ್ಲಿ ನಮಗೆ ಎರಡು ಎಕರೆ ಇದೆ. ಬೋರು ಕೊರೆಸಿ ಎರಡು ವರ್ಷವಾಯ್ತು, 450 ಅಡಿ. ಎರಡು ಇಂಚು ನೀರು ಬಿತ್ತು ಅಂದರು. ಟಿ.ಸಿ. (ಟ್ರಾನ್ಸ್‌ಫಾರ್ಮರ್) ಅರ್ಧ ಕಿಲೋಮೀಟರಿಗಿಂತ ದೂರ ಇರೋದರಿಂದ ಕರೆಂಟು ಬಂದಿಲ್ಲ, ಕ್ಯಾಪ್ ಹಾಕಿ ಮುಚ್ಚಿಟ್ಟಿದ್ದೇವೆ. ಸೋಲಾರ್ ಪಂಪಿಗೆ ಎಷ್ಟು ಸಬ್ಸಿಡಿ ಸಿಗುತ್ತೆ? ಏಳೂವರೆ ಎಚ್‌ಪಿ ಹಾಕಿಸಿ ಅಂತಾರೆ. ಒಂದು ಎಕರೆ ಕಬ್ಬು, ಒಂದು ಎಕರೆ ಹಿಪ್ಪುನೇರಳೆ ಮಾಡೋ ಆಸೆ.

ಉತ್ತರ: ಸಬ್ಸಿಡಿ ಲೆಕ್ಕ ಸುಲಭ. 2019ರಲ್ಲಿ ಕೇಂದ್ರ ಸರ್ಕಾರ ತಂದ ಪಿಎಂ-ಕುಸುಮ್ ಯೋಜನೆಯ 'ಬಿ' ಭಾಗ ನಿಮ್ಮಂಥ, ಕರೆಂಟು ಲೈನ್ ಸಿಗದ ಬೋರುಗಳಿಗೇ ಇರೋದು. ಕೇಂದ್ರದ್ದು ಶೇ 30, ನಮ್ಮ ರಾಜ್ಯದ್ದು ಶೇ 50, ನಿಮ್ಮ ಪಾಲು ಶೇ 20. ಈ ಶೇಕಡಾ ಲೆಕ್ಕ ಸರ್ಕಾರ ಒಪ್ಪಿದ ದರದ ಮೇಲೆ, ಅಂಗಡಿಯವನು ಹೇಳಿದ ದರದ ಮೇಲಲ್ಲ. ಅರ್ಜಿ 'ಸೌರ ಮಿತ್ರ' ಪೋರ್ಟಲ್‌ನಲ್ಲಿ. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿಟ್ಟುಕೊಳ್ಳಿ. ಐದು ವರ್ಷದ ನಿರ್ವಹಣೆ ಪಂಪು ಕೂರಿಸಿದ ಕಂಪನಿಯದೇ.

ನೀವು ಕೇಳದೇ ಬಿಟ್ಟ ಪ್ರಶ್ನೆ ಇದಕ್ಕಿಂತ ದೊಡ್ಡದು: ಮೋಟರು ಓಡುವಾಗ ನೀರು ಎಷ್ಟು ಅಡಿಯಲ್ಲಿ ನಿಲ್ಲುತ್ತೆ? ಬೋರಿನ ಆಳ 450 ಅಡಿ ಅನ್ನೋದರಿಂದ ಏನೂ ಗೊತ್ತಾಗಲ್ಲ. ಎರಡು ವರ್ಷದ ಹಿಂದಿನ ಎರಡು ಇಂಚು ಇವತ್ತಿಗೂ ಇದೆ ಅಂತಲೂ ಇಲ್ಲ. ಬಾಡಿಗೆಗೆ ಜನರೇಟರ್, ಮೋಟರು ತಂದು ಬೇಸಿಗೆಯಲ್ಲಿ ಮೂರು-ನಾಲ್ಕು ಗಂಟೆ ಓಡಿಸಿ, ಹಗ್ಗ ಬಿಟ್ಟು ಅಳೆದು ನೋಡಿ. ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ನೀರು ಸುಮಾರು 330 ಅಡಿಗೆ, ಅಂದರೆ 100 ಮೀಟರಿಗೆ ನಿಂತಿತು ಅಂದುಕೊಳ್ಳಿ. ಐದು ಎಚ್‌ಪಿ ಪಂಪಿಗೆ ಹೆಚ್ಚುಕಮ್ಮಿ ಐದು ಕಿಲೋವ್ಯಾಟ್ ಪ್ಯಾನೆಲ್ ಬೇಕು. ಒಳ್ಳೆ ಬಿಸಿಲಿನ ದಿನ ಅದು 18ರಿಂದ 20 ಯೂನಿಟ್ ಕೊಡುತ್ತೆ. ಸಾವಿರ ಲೀಟರ್ ನೀರನ್ನು ಅಷ್ಟು ಮೇಲೆ ಎತ್ತಲು, ಮೋಟರು ತಿನ್ನೋದೂ ಸೇರಿ, ಮುಕ್ಕಾಲು ಯೂನಿಟ್‌ಗೆ ಹತ್ತಿರ ಬೇಕು. ದಿನಕ್ಕೆ 25 ಸಾವಿರ ಲೀಟರ್ ಅಂತಿಟ್ಟುಕೊಳ್ಳಿ. ನೀರು ಇನ್ನಷ್ಟು ಇಳಿದರೆ ಇದೂ ಇಳಿಯುತ್ತೆ. ಆಷಾಢದ ಮೋಡದಲ್ಲಿ ಅರ್ಧವೂ ಬರದ ದಿನಗಳಿವೆ, ಆಗ ಹೊಲಕ್ಕೂ ಅಷ್ಟು ಬಾಯಾರಿಕೆ ಇರಲ್ಲ ಅನ್ನೋದೇ ಸಮಾಧಾನ.

ಬೆಳೆದ ಕಬ್ಬು ಬೇಸಿಗೆಯಲ್ಲಿ ಎಕರೆಗೆ ದಿನಕ್ಕೆ 20ರಿಂದ 25 ಸಾವಿರ ಲೀಟರ್ ಕುಡಿಯುತ್ತೆ. ಹಾಯಿಸಿದರೆ ಕಾಲುವೆಯಲ್ಲಿ ಇಂಗಿ ಹೋಗೋದು ಬೇರೆ. ಅಂದರೆ ಕಬ್ಬೊಂದೇ ಪೂರ್ತಿ ನುಂಗಿಬಿಡುತ್ತೆ, ಹಿಪ್ಪುನೇರಳೆಗೆ ಏನು ಉಳೀತು? ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನವರನ್ನು ನೋಡಿ ನಾಗಮಂಗಲದಲ್ಲಿ ಬೋರು ನಂಬಿ ಕಬ್ಬು ಹಾಕೋದನ್ನು ನಾನಂತೂ ಒಪ್ಪಲ್ಲ. ಎರಡೆಕರೆಗೂ ಹಿಪ್ಪುನೇರಳೆ ಹಾಕಿ, ಹನಿ ನೀರಾವರಿ ಮಾಡಿ, ನೀರನ್ನು ತೊಟ್ಟಿಗೆ ತುಂಬಿಸಿಕೊಂಡು ಬಿಡಿ.

ಏಳೂವರೆ ಎಚ್‌ಪಿ ಯಾಕೆ? ಒಸರು ಕಮ್ಮಿ ಇರೋ ಬೋರಿಗೆ ದೊಡ್ಡ ಮೋಟರು ಬಿಟ್ಟರೆ ಹನ್ನೊಂದು ಗಂಟೆಗೇ ನೀರು ಖಾಲಿಯಾಗಿ ಮೋಟರು ನಿಲ್ಲುತ್ತೆ. ಸಣ್ಣ ಪಂಪು ಬೆಳಿಗ್ಗೆಯಿಂದ ಸಂಜೆವರೆಗೆ ನಿಧಾನವಾಗಿ ಎತ್ತಲಿ. ಹಗ್ಗ ಬಿಟ್ಟು ಅಳೆದ ಮೇಲೇ ಎಚ್‌ಪಿ ತೀರ್ಮಾನ.

ಪ್ಯಾನೆಲ್ ಕೂರಿಸುವ ದಿನ ನೀವು ಅಲ್ಲೇ ಇರಿ. ಮುಖ ದಕ್ಷಿಣಕ್ಕಿರಬೇಕು. ಮಧ್ಯಾಹ್ನ ಮೂರಕ್ಕೆ ಬದುವಿನ ತೆಂಗಿನ ನೆರಳು ಎಲ್ಲಿ ಬೀಳುತ್ತೆ ಅಂತ ಹಿಂದಿನ ದಿನವೇ ಗೂಟ ಹೊಡೆದಿಡಿ. ಒಂದು ಗರಿಯ ನೆರಳು ಒಂದು ಪ್ಯಾನೆಲ್ ಮೇಲೆ ಆಡಿದರೂ ಆ ಸಾಲಿನಷ್ಟೂ ಕರೆಂಟು ಕುಗ್ಗುತ್ತೆ. ಇದನ್ನು ಕೂರಿಸೋರು ಹೇಳಲ್ಲ, ಅವರಿಗೆ ಸಂಜೆಯೊಳಗೆ ಇನ್ನೊಂದು ಊರಿಗೆ ಹೋಗಬೇಕಿರುತ್ತೆ.

ಪ್ರಶ್ನೆ: ಪಾಂಡವಪುರದ ಹತ್ತಿರ ನಮಗೆ ಆರ್‌.ಆರ್‌. ನಂಬರ್ (ಅಧಿಕೃತ ಕರೆಂಟು ಸಂಪರ್ಕದ ಸಂಖ್ಯೆ) ಇರೋ ಐದು ಎಚ್‌ಪಿ ಪಂಪ್‌ಸೆಟ್ ಇದೆ. ಕರೆಂಟು ರಾತ್ರಿ ಕೊಡ್ತಾರೆ. ಗದ್ದೆಯಲ್ಲಿ ಚಿರತೆ ಭಯ. ಲೈನ್ ತೆಗೆಸಿ ಸೋಲಾರ್ ಹಾಕಿಸಲೇ?

ಉತ್ತರ: ಬೇಡ. 10 ಎಚ್‌ಪಿವರೆಗೆ ನಿಮಗೆ ಕರೆಂಟು ಉಚಿತ, ಅದನ್ನು ಕೈಯಾರೆ ಬಿಡಬೇಡಿ. ನಿಮ್ಮಂಥವರಿಗಾಗಿ ಇರೋದು ಕುಸುಮ್ 'ಸಿ': ಸಬ್‌ಸ್ಟೇಷನ್ ಹತ್ತಿರ ಸೋಲಾರ್ ಘಟಕ ಹಾಕಿ ಇಡೀ ಫೀಡರ್‌ಗೆ, ಅಂದರೆ ಸಬ್‌ಸ್ಟೇಷನ್‌ನಿಂದ ಹೊರಡೋ ಲೈನಿಗೆ, ಹಗಲಲ್ಲೇ ಕರೆಂಟು ಕೊಡೋದು. ನಿಮ್ಮ ಜಮೀನಿನಲ್ಲಿ ಏನೂ ಹಾಕಲ್ಲ, ನೀವು ದುಡ್ಡೂ ಕಟ್ಟಲ್ಲ. ನಿಮ್ಮ ಫೀಡರ್ ಪಟ್ಟಿಯಲ್ಲಿದೆಯಾ ಅಂತ ಸೆಸ್ಕ್ (ನಿಮ್ಮ ಕಡೆಯ ವಿದ್ಯುತ್ ಕಂಪನಿ) ಸೆಕ್ಷನ್ ಆಫೀಸಿನಲ್ಲಿ ಕೇಳಿ. ಒಬ್ಬರೇ ಹೋಗುವ ಬದಲು ಅದೇ ಲೈನಿನ ಹತ್ತು ಜನ ಸಹಿ ಹಾಕಿ ಅರ್ಜಿ ಕೊಟ್ಟರೆ ಉತ್ತರ ಬೇಗ ಬರುತ್ತೆ.

ಪ್ರಶ್ನೆ: ಕುಸುಮ್ ಆಫೀಸಿನಿಂದ ಅಂತ ಫೋನು ಬಂತು, ನೋಂದಣಿ ಶುಲ್ಕ ಕಳಿಸಿ ಅಂದರು. ಎಚ್.ಡಿ. ಕೋಟೆಯಿಂದ ಬರೆಯುತ್ತಿದ್ದೇನೆ.

ಉತ್ತರ: ಕಳಿಸಬೇಡಿ. ಈ ಯೋಜನೆಯ ಹೆಸರಲ್ಲಿ ನಕಲಿ ವೆಬ್‌ಸೈಟ್‌ಗಳಿವೆ ಅಂತ ಕೇಂದ್ರ ಸಚಿವಾಲಯವೇ ಎಚ್ಚರಿಸಿದೆ. ನಿಮ್ಮ ಪಾಲಿನ ಹಣವನ್ನೂ ಪೋರ್ಟಲ್ ತೋರಿಸಿದ ದಾರಿಯಲ್ಲೇ ಕಟ್ಟಿ, ಯಾರದೋ ಫೋನ್ ನಂಬರಿಗಲ್ಲ. ಆಗಲೇ ಕಳಿಸಿಬಿಟ್ಟಿದ್ದರೆ ಈ ಪತ್ರಿಕೆ ಮಡಚಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.